ಮೂರನೇ ದಿನ ಬರುವಾಕಿ

ಹೋದ ವಾರ ಭಾಲ್ಕಿಯಿಂದ ನನ್ನ ಸಣ್ಣ ಮಗಳು ಫೋನ್ ಮಾಡಿದಾಗ ನಾ ಪಡಸಾಲ್ಯಾಗ ಕುಂತು ತೊಗರಿ ಬ್ಯಾಳಿ ಹಸನ ಮಾಡ್ತಿದ್ದೆ.

‘ಅವ್ವಾ, ಸ್ಕೇಲ್ ಬಾಯಿ ಹೋದಳು.’

‘ಯಾವಾಗ?’

‘ಮುಂಜಾನಿ. ಮಧ್ಯಾಹ್ನ ಮೂರಕ್ಕ ಮಣ್ಣು ಅಂತ. ಬರ್ತೀಯೇನ?’

‘ಇಲ್ಲ’ ಅಂದೆ. ಫೋನ್ ಇಟ್ಟು ಮತ್ತ ಮೊರದಾಗ ಕೈ ಆಡಿಸಿದೆ. ಬ್ಯಾಳಿ ನಡುವ ಒಂದು ಸಣ್ಣ ಹರಳು ಬೆರಳಿಗಿ ಹತ್ತಿತು. ಕೈ ಅಲ್ಲೇ ನಿಂತಿತು. ಎಷ್ಟೊತ್ತು ನಿಂತಿತ್ತೋ ಏನೋ, ಸೊಸಿ ಬಂದು ‘ಅತ್ತಿ, ಎಸರು ಬತ್ತಲಾಕತ್ಯಾದ, ಬ್ಯಾಳಿ ಕೊಡ್ರಿ’ ಅಂದಾಗ ಎಚ್ಚರಾತು.

ನನಗ ಅಳು ಬರೋದಿಲ್ಲ. ಅಳುವವರನ್ನ ಕಂಡರೂ ಆಗೋದಿಲ್ಲ. ಅದಕ್ಕ ಬರೀತೇನಿ. ಮೂರನೇತ್ತ ತನಕ ಸಾಲಿ ಕಲ್ತಾಕಿ ನಾ, ಅಕ್ಷರ ಸೊಟ್ಟ ಬರ್ತಾವ, ಬರಲಿ.

ಅಕಿ ಹೆಸರು ಬರೆಯೋದಿಲ್ಲ. ಬೀದರಿನ ನಮ್ಮ ಚಿದ್ರಿಯೊಳಗ ಯಾರೂ ಅಕಿ ಹೆಸರು ಹಿಡಿದು ಕರೆದವರಲ್ಲ. ಕೈಚೀಲದಾಗ ಸದಾ ಒಂದು ಪ್ಲಾಸ್ಟಿಕ್ ಸ್ಕೇಲ್ ಇರ್ತಿತ್ತು, ಸಾಲಿ ಹುಡುಗರದ್ದು ಇರ್ತದಲ್ಲ, ಆರಪಾರ ಕಾಣೋದು, ಅಂಥಾದ್ದು. ನಡುವ ಮುರಿದಿತ್ತು. ಅದಕ್ಕ ಸ್ಕೇಲ್ ಬಾಯಿ, ನಮ್ಮ ಕಡಿ ಹೆಣಮಕ್ಕಳಿಗಿ ಬಾಯಿ ಅಂತೇವಿ. ಟಿಬಿ ಖೋಲಿಯ ನರ್ಸ್ ಅಕಿ. ಭಾಲ್ಕಿ ಕಡಿಯಾಕಿ, ಬುದ್ಧನ ಫೋಟೋ ಇಟ್ಟು ಪೂಜಿಸೋ ಮನಿಯವಳು. ಮದಿವಿ ಆಗಿರಲಿಲ್ಲ. ಯಾಕ ಆಗಲಿಲ್ಲ ಅಂತ ಕೇಳಿದರ ‘ಬಂದವರು ಎಲ್ಲಾ ಕೆಮ್ಮುತಿದ್ದರು’ ಅಂತಿದ್ದಳು. ನಗತಿರಲಿಲ್ಲ, ನಮಗ ನಗಬೇಕೋ ಬ್ಯಾಡೋ ತಿಳೀತಿರಲಿಲ್ಲ.

ಅಕಿ ಕೆಲಸ ಇಷ್ಟೇ. ಮನಿಯೊಳಗ ಒಬ್ಬರಿಗಿ ಟಿಬಿ ಆತು ಅಂದ್ರ ಸಣ್ಣ ಮಕ್ಕಳ, ಒಮ್ಮೊಮ್ಮೆ ದೊಡ್ಡವರ ಮೈಯಾಗೂ ಆ ಹುಳ ಹೊಕ್ಕದೇನು ಅಂತ ನೋಡೋದು. ಎಡಗೈಯ ಒಳಮಗ್ಗಲು, ಮೊಣಕೈ ಕೆಳಗ, ತೊಗಲಿನ ಪದರಿನಾಗ ಸಣ್ಣ ಸೂಜಿ ಹಾಕ್ತಿದ್ದಳು. ಸೊಳ್ಳಿ ಕಡಿದಂಗ ಒಂದು ಗುಳ್ಳಿ ಏಳ್ತಿತ್ತು, ಅರ್ಧ ತಾಸಿನಾಗ ಇಳೀತಿತ್ತು. ಅದರ ಸುತ್ತ ನೀಲಿ ಪೆನ್ನಿನಿಂದ ಗೆರಿ ಎಳೀತಿದ್ದಳು, ಮುಂದ ಜಾಗ ಸಿಗಲಿ ಅಂತ. ‘ಕೆರೀಬ್ಯಾಡ್ರಿ, ತಿಕ್ಕಬ್ಯಾಡ್ರಿ, ಅರಿಷಿಣ ಸುಣ್ಣ ಏನೂ ಹಚ್ಚಬ್ಯಾಡ್ರಿ. ಮೂರನೇ ದಿನ ನಾ ಕೈ ಓದ್ತೇನಿ.’

ಮೊದಲ ಸಲ ಕೇಳಿದಾಗ ನಾ ಅಂದಿದ್ದೆ: ‘ನನಗ ಕಾಗದದ ಮ್ಯಾಲಿನ ಅಕ್ಷರನೇ ನೆಟ್ಟಗ ಓದಲಾಕ ಬರೋದಿಲ್ಲ, ನೀ ಕೈ ಓದ್ತೀಯಾ. ಜ್ಯೋತಿಷ್ಯ ಏನ ಬಾಯಿ?’

‘ಜ್ಯೋತಿಷಿ ಮುಂದಿಂದು ಹೇಳ್ತಾನರಿ ಅಕ್ಕಾ. ನಾ ಆಗಿಹೋದದ್ದು ಹೇಳ್ತೇನಿ.’

ಸೋಮವಾರ ಬೀದರಿನಾಗ ಸೂಜಿ, ಮಂಗಳವಾರ ಭಾಲ್ಕಿ ಇಲ್ಲಾ ಔರಾದ. ಗುರುವಾರ ಶುಕ್ರವಾರ ಯಾರು ಕಾಲು ಬಿದ್ದರೂ ಸೂಜಿ ಹಾಕತಿರಲಿಲ್ಲ. ಮೂರು ದಿನ ದಾಟಿದರ ಕೈ ಸುಳ್ಳು ಹೇಳ್ತದ, ಶನಿವಾರ ಭಾನುವಾರ ಓದೋರು ಯಾರು ಅಂತಿದ್ದಳು. ಜನ ಸೂಜಿ ಹಾಕಿಸ್ಕೊಂಡು ಹೋಗ್ತಿದ್ದರು, ತೋರಿಸಲಾಕ ಬರ್ತಿರಲಿಲ್ಲ. ಊತ ಇಳೀತು ಅಂದ್ರ ಆರಾಮಾತು, ಊತ ಬಂತು ಅಂದ್ರ ಸೂಜಿ ಕೆಡ್ತು, ಎರಡಕ್ಕೂ ಮನ್ಯಾಗೇ ಕುಂಡ್ರತಿದ್ದರು. ಅದಕ್ಕ ಅಕಿನೇ ಮನಿ ಮನಿಗಿ ಹೋಗ್ತಿದ್ದಳು. ಎಳ್ಳಮಾಸಿ ದಿನ ಒಂದು ಮನಿಯವರೆಲ್ಲಾ ಹೊಲಕ್ಕ ಹೋಗಿದ್ದರಂತ. ಚಿಂತಾಕಿ ಊರಿನ ಹಾದಿಯಾಗ ಬಸ್ ಇಳಿದು, ಬದುವಿನ ಮ್ಯಾಗ ನಡಕೊಂಡು ಹೋಗಿ, ಜನ ಭಜ್ಜಿ ಸಜ್ಜಿರೊಟ್ಟಿ ಉಣ್ಣೋ ನಡುವ ಆ ಹುಡುಗನ ಕೈ ಹಿಡಿದು ಓದಿ ಬಂದಾಳ. ‘ಉಂಡಿಯೇನ?’ ಅಂತ ಕೇಳಿದೆ. ‘ಹೊಲದಾಗ ಕೂಡಂದವರು ಎಲೀ ಹಾಕಲಿಲ್ಲರಿ’ ಅಂದಳು.

ನಮ್ಮ ಮನಿಯಾಗೂ ಅಕಿಗಿ ಒಂದು ಬ್ಯಾರೆ ಸ್ಟೀಲ್ ಗ್ಲಾಸ್ ಇತ್ತು. ಜಗಲಿ ಗೂಡಿನಾಗ ಬೋರಲು ಹಾಕಿ ಇಡತಿದ್ದೆ. ರೋಗದ ಮಂದಿ ಮುಟ್ಟಿ ಬರ್ತಾಳ, ಮಕ್ಕಳಿರೋ ಮನಿ, ಅದಕ್ಕ ಅಂತಿದ್ದೆ. ಕಾರಣ ಎರಡಿದ್ದವು. ಒಂದು ಹೇಳ್ತಿದ್ದೆ. ಎರಡನೇದು ಅಕಿಗಿ ಗೊತ್ತಿತ್ತು.

ಕೈ ಓದೋ ರೀತಿ ನೋಡಬೇಕಿತ್ತು ಅಕಿದು. ಮೊದಲು ಬೆರಳು ಸೆರಗಿನಾಗ ಉಜ್ಜಿ ಬೆಚ್ಚಗ ಮಾಡ್ಕೊಳ್ಳೋದು. ಹೊರಸು ಹಾಕಿಕೊಟ್ಟರ ಕೂಡ್ತಿರಲಿಲ್ಲ, ‘ಬೆಳಕಿಗಿ ಬರ್ರಿ’ ಅಂತ ಹೊಸ್ತಿಲಕ್ಕ ಕರೀತಿದ್ದಳು. ಅಷ್ಟು ಬೆಳಕು ಬೇಡಿ ಬೇಡಿ, ಆಮ್ಯಾಲ ಕಣ್ಣು ಮುಚ್ಚತಿದ್ದಳು. ಕಣ್ಣು ಮುಚ್ಚಿ ಗೆರಿಯೊಳಗ ಬೆರಳು ಸರಿಸೋದು. ಗಟ್ಟಿ ಹತ್ತಿದರ ಪೆನ್ನು ತಗೊಂಡು ಹೊರಗಿನಿಂದ ಒಳಗ ಮೆಲ್ಲಕ ಒತ್ತತಾ ಬರೋದು, ಗಟ್ಟಿ ಅಂಚಿಗಿ ಬಡಿದು ಪೆನ್ನು ತಾನೇ ನಿಂತಾಗ ಬಿಡೋದು. ಇನ್ನೊಂದು ಕಡಿಯಿಂದ ಹಂಗೇ. ಎರಡೂ ಗೆರಿ ನಡುವ ಮುರುಕ ಸ್ಕೇಲ್. ಕೈಗಿ ಅಡ್ಡಡ್ಡ ಅಳತಿ, ಉದ್ದಕ್ಕಲ್ಲ. ಮಿಲಿಮೀಟರಿನ ಒಂದು ಅಂಕಿ ಬರಕೊಂಡು ಎದ್ದು ಹೋಗೋದು, ಹತ್ತು ದಾಟಿತು ಅಂದ್ರ ಹುಳ ಅದ ಅಂತ.

ಒಮ್ಮೆ ನಮ್ಮ ಓಣಿಯ ಒಬ್ಬ ಗಂಡಸಿನ ಕೈ ರೊಟ್ಟಿ ಹಂಚಿನಷ್ಟು ಕೆಂಪಾಗಿತ್ತು. ಹೇಳೋದು ಜಾಸ್ತಿ ಆತೇನೋ, ಅಂಗೈಯಷ್ಟು ಅನ್ರಿ. ಮಗನನ್ನ ತೆಕ್ಕಿಗಿ ತಗೊಂಡು ಅಳಲಾಕತ್ತಿದ್ದ, ಹೆಂಡ್ತಿಗಿ ಹೊಲ ಯಾರಿಗಿ ಬಿಡಬೇಕು ಅಂತ ಹೇಳಿ ಮುಗಿಸಿದ್ದ. ಈಕಿ ಬಂದು ಪೆನ್ನು ಒತ್ತಿ ಎಳೆದಳು. ಪೆನ್ನು ಎಲ್ಲೂ ನಿಲ್ಲದೇ ಆ ಕಡಿಯಿಂದ ಈ ಕಡಿ ಬಂತು.

‘ಸೊನ್ನಿ’ ಅಂದಳು. ‘ಕೆಂಪು ನಂಬಬ್ಯಾಡ್ರಿ. ಗಟ್ಟಿ ನಂಬ್ರಿ.’

‘ಮತ್ತ ಹಿಂಗ್ಯಾಕ ಉರೀತದ?’

‘ಉರಿಯೋದು ಸಿಟ್ಟು. ರೋಗ ಅಲ್ಲ. ಹೊಲ ನೀನೇ ಇಟ್ಕೋ, ಹೋಗು, ಚಾ ಕುಡಿ.’

ಇನ್ನೊಬ್ಬ ಹುಡುಗನ ಕೈ ನೋಡಿದರ ಏನೂ ಕಾಣತಿರಲಿಲ್ಲ, ಬಣ್ಣನೇ ಇಲ್ಲ. ಬೆರಳಿಗಿ ಮಾತ್ರ ಒಳಗ ಅವರಿಕಾಳು ಇಟ್ಟಂಗ ಹತ್ತತಿತ್ತು. ಅವನಿಗಿ ಹದಿನೈದು ಬರೆದಳು. ಗಟ್ಟಿ ಇತ್ತು ಅಂದ ಕೂಡಲೇ ರೋಗ ಆತು ಅಂತ ತಿಳೀಬಾರದು, ಹುಳ ಮನಿ ಹೊಕ್ಕು ಕುಂತದ ಅಂತ ಅಷ್ಟೇ, ಎದ್ದದೋ ಮಲಗ್ಯಾದೋ ಎದಿ ಫೋಟೋ ತೆಗೆಸಿ ನೋಡಬೇಕು ಅಂತಿದ್ದಳು. ಸೊರಗಿದ ಮಕ್ಕಳಲ್ಲಿ, ದಡಾರ ಆಗಿ ಎದ್ದ ಮಕ್ಕಳಲ್ಲಿ ಹುಳ ಇದ್ದರೂ ಕೈ ಉಬ್ಬೋದಿಲ್ಲ ಅಂತಲೂ ಹೇಳ್ತಿದ್ದಳು. ಇಷ್ಟೆಲ್ಲಾ ನನಗ ಬಾಯಿಪಾಠ ಇತ್ತು. ತಿಳಿದಿದ್ದಿಲ್ಲ ಅಂತ ನಾ ಹೇಳೋ ಹಂಗಿಲ್ಲ.

ಈಗ ನಮ್ಮ ಮನಿ ಮಾತು.

ನಮ್ಮ ಮನಿಯವರು ದಾಲ್ ಮಿಲ್ಲಿನಾಗ ಹಮಾಲಿ ಮಾಡ್ತಿದ್ದರು. ಕೆಮ್ಮು ಬಂತು. ತೊಗರಿ ಧೂಳಿನ ಕೆಮ್ಮು ಅಂದೆವು. ರಕ್ತ ಬಂದ ಮ್ಯಾಲೂ ಓಣಿಯೊಳಗ ಧೂಳು ಅಂತಲೇ ಹೇಳಿದೆವು. ಸ್ಕೇಲ್ ಬಾಯಿ ಟಿಬಿ ಗುಳಿಗಿ ತಂದು ಕೊಡ್ತಿದ್ದಳು, ಯಾರಾದರೂ ಕೇಳಿದರ ‘ಅಮ್ಮನ ಬಿ.ಪಿ. ನೋಡಲಾಕ ಬಂದೇನಿ’ ಅಂತಿದ್ದಳು. ನಾ ಹೇಳಿಕೊಟ್ಟದ್ದು. ನನಗ ಬಿ.ಪಿ. ಇರಲಿಲ್ಲ.

ಮುಚ್ಚಿಡಲಾಕ ಕಾರಣ ನನ್ನ ಸಣ್ಣ ಮಗಳು. ಎರಡು ಸಂಬಂಧ ಹಂಗೇ ಕೈ ತಪ್ಪಿದ್ದವು. ಮೂರನೇದು ಭಾಲ್ಕಿಯಿಂದ ಬಂದಿತ್ತು, ಹುಡುಗ ನೌಕರಿಯವ, ಮನಿ ಚಲೋ. ಟಿಬಿ ಮನಿ ಅಂತ ಒಂದು ಮಾತು ಆ ಕಡಿ ಹೋದರ ಮುಗೀತು.

ಅದೇ ವ್ಯಾಳ್ಯಾದಾಗ ಮನ್ಯಾಗ ಎರಡು ಹೆಣ್ಣು ಕೂಸು ಇದ್ದವು. ಮಗನ ಮಗಳು ಪಿಂಕಿ, ಮೂರು ವರ್ಷದ್ದು. ದೊಡ್ಡ ಮಗಳ ಮಗಳು ರಾಣಿ, ಪಿಂಕಿಗಿಂತ ನಾಲ್ಕು ತಿಂಗಳು ದೊಡ್ಡದು. ದೊಡ್ಡ ಮಗಳನ್ನ ಔರಾದಿಗಿ ಕೊಟ್ಟಿದ್ದೆವು, ಎರಡನೇ ಬಾಣಂತನಕ್ಕ ಬಂದು ನಮ್ಮಲ್ಲಿ ಇದ್ದಳು. ಗುಳಿಗಿ ಸುರು ಆಗೋಕಿಂತ ಮೊದಲು ಎರಡೂ ಕೂಸು ಅಜ್ಜನ ಕೌದಿಯೊಳಗೇ ಮಲಗತಿದ್ದವು, ಒಂದು ಆ ಮಗ್ಗಲಿಗಿ, ಒಂದು ಈ ಮಗ್ಗಲಿಗಿ.

ಪಿಂಕಿ ಸೊರಗಲಾಕ ಹತ್ತಿತು. ಸಂಜಿಗಿ ಮೈ ಬೆಚ್ಚಗ. ದವಾಖಾನಿಯಾಗ ಸೂಜಿ ಬರೆದುಕೊಟ್ಟರು. ಸೋಮವಾರ ಹನ್ನೊಂದಕ್ಕ ಎರಡೂ ಕೂಸು ಕರಕೊಂಡು ನಾನೇ ಹೋದೆ, ರಾಣಿ ಬಿಟ್ಟರ ಅಳತಿತ್ತು ಅಂತ. ಸ್ಕೇಲ್ ಬಾಯಿ ಪಿಂಕಿಗಿ ಸೂಜಿ ಹಾಕಿದಳು, ಗೆರಿ ಎಳೆದಳು. ‘ಇದರ ಕೈನೂ ನೋಡ್ಬೇಕರಿ’ ಅಂತ ರಾಣಿ ಕಡಿ ನೋಡಿದಳು. ‘ಇದಕ್ಕೇನಾಗ್ಯಾದ, ಗುಂಡುಕಲ್ಲು ಇದ್ದಂಗದ’ ಅಂದೆ. ‘ಬುಧವಾರ ಮನಿಗೇ ಬರ್ತೇನಿ, ಅವತ್ತು ಮಾತಾಡೋಣರಿ’ ಅಂದಳು.

ಮಂಗಳವಾರ ಸಂಜಿಗಿ ಭಾಲ್ಕಿಯಿಂದ ಸುದ್ದಿ ಬಂತು. ನಾಳೆ ಬುಧವಾರ ಒಳ್ಳೇ ದಿನ, ಹುಡುಗೀನ ನೋಡಲಾಕ ಬರ್ತೇವಿ ಅಂತ.

ಬುಧವಾರ ಮುಂಜಾನಿ ಪಿಂಕಿ ಕೈ ನಾ ಮುಟ್ಟಿ ನೋಡಿದೆ. ಕಣ್ಣು ಮುಚ್ಚೋದು ಬೇಕೇ ಆಗಲಿಲ್ಲ. ಒಳಗ ಅಡಿಕಿ ಹೋಳು ಇಟ್ಟಂಗಿತ್ತು.

ಮಧ್ಯಾಹ್ನಕ್ಕ ಬೀಗರು ಬರ್ತಾರ. ಬಾಯಿನೂ ಬರ್ತಾಳ, ಬರಬ್ಯಾಡ ಅಂದರೂ ಬರ್ತಾಳ. ಮಂದಿ ಮುಂದ ಹೊಸ್ತಿಲದಾಗ ಕುಂತು ಸ್ಕೇಲ್ ಇಟ್ಟು ಅಳೀತಾಳ. ಸೊಸಿಗಿ ಹೇಳಿದೆ: ‘ಪಿಂಕಿನ್ನ ಕರಕೊಂಡು ನಿನ್ನ ತವರಮನಿಗಿ ಹೋಗು, ಜನವಾಡಕ್ಕ, ಈಗಿನ ಬಸ್ಸಿಗೇ.’ ಅಕಿ ಹೋದಳು. ಆಮ್ಯಾಲ ನಾ ಗೂಡಿನಾಗಿನ ಪೆನ್ನು ತಗೊಂಡೆ. ಹಿತ್ತಲಾಗ ಆಡತಿದ್ದ ರಾಣಿನ್ನ ಎಳಕೊಂಡು ತೊಡಿಮ್ಯಾಗ ಕುಂಡ್ರಿಸಿಕೊಂಡು, ಎಡಗೈಯ ಒಳಮಗ್ಗಲಿಗಿ ದುಂಡಗ ಒಂದು ಗೆರಿ ಎಳೆದೆ.

‘ಏನಜ್ಜಿ ಇದು?’

‘ಬಳಿ.’

‘ಇನ್ನೊಂದು ಹಾಕು.’

ಒಂದೇ ಸಾಕು ಅಂದೆ.

ಬೀಗರು ಬಂದು ಕುಂತರು. ಐದು ಮಂದಿ. ಸಣ್ಣಾಕಿ ಚಾ ತಂದು ಕೊಟ್ಟಳು. ಬಾಣಂತಿ ದೊಡ್ಡಾಕಿ ಒಳಗಿನ ಖೋಲಿಯಾಗ ಪರದಿ ಹಿಂದ ಮಲಗಿದ್ದಳು. ನಮ್ಮ ಮನಿಯವರನ್ನ ಮಿಲ್ಲಿಗಿ ಕಳಿಸಿಬಿಟ್ಟಿದ್ದೆ, ರಜಾ ಇದ್ದರೂ. ಎಲ್ಲಾ ಚಂದ ನಡೆದಿತ್ತು. ಆಗ ಬಂದಳು.

ಹುಡುಗನ ಸ್ವಾದರತ್ತಿ ಚಾ ಬಸಿ ಕೆಳಗಿಟ್ಟಳು. ‘ಏ ಬಾಯಿ, ನೀ ನಮ್ಮ ಭಾಲ್ಕಿಯಾಕಿ ಅಲ್ಲೇನ? ಟಿಬಿ ಮನಿಗಿ ಅಡ್ಡಾಡಾಕಿ? ಇಲ್ಲಿ ಏನು ನಿಂದು?’

ಸಣ್ಣಾಕಿ ಖಾಲಿ ಕಪ್ಪು ಒಂದೊಂದೇ ತಟ್ಟಿಗಿ ಎತ್ತಿಡಲಾಕ ಹತ್ತಿದಳು.

ಸ್ಕೇಲ್ ಬಾಯಿ ಅಕಿನ್ನ ನೋಡಿದಳು, ನನ್ನನ್ನ ನೋಡಿದಳು. ನಾ ರಾಣಿನ್ನ ಮುಂದ ದಬ್ಬಿದೆ. ಅಕಿ ಹೊಸ್ತಿಲದಾಗ ಕುಂತು, ಬೆರಳು ಸೆರಗಿನಾಗ ಉಜ್ಜಿ, ಕೂಸಿನ ಕೈ ಹಿಡಿದಳು. ಗೆರಿ ನೋಡಿದಳು. ಅಕಿ ಎಳಿಯೋ ಗೆರಿ ಎಂದೂ ಪೂರ್ತಿ ಮುಚ್ಚತಿರಲಿಲ್ಲ, ಮಣಿಕಟ್ಟಿನ ಕಡಿ ಸ್ವಲ್ಪ ಬಾಯಿ ಬಿಡತಿದ್ದಳು. ನಾ ಅದನ್ನ ಗಮನಿಸಿರಲಿಲ್ಲ. ಪೂರಾ ಮುಚ್ಚಿದ್ದೆ. ಅಕಿ ಕಣ್ಣು ಮುಚ್ಚಿ ಬೆರಳು ಸರಿಸಿದಳು. ಬಾಳೊತ್ತು ಸರಿಸಿದಳು. ಸೂಜಿ ಚುಚ್ಚಿದ ಗುರುತಿಲ್ಲದ ತೊಗಲು ಅದು, ಅಕಿ ಬೆರಳಿಗಿ ತಿಳಿಯದ್ದು ಏನಿತ್ತು?

ಕಣ್ಣು ತೆರೆದಳು. ಆ ಸ್ವಾದರತ್ತಿಗೇ ಹೇಳಿದಳು: ‘ಸರ್ಕಾರದ್ದು ರೀ ಬಾಯಾರ. ಸಣ್ಣ ಮಕ್ಕಳಿದ್ದ ಮನಿಗೆಲ್ಲಾ ಅಡ್ಡಾಡ್ತೇವಿ. ಏನೂ ಇಲ್ಲ ಈ ಕೈಯಾಗ.’

ಹುಡುಗನ ಅಪ್ಪ ನಕ್ಕ. ಸಣ್ಣಾಕಿ ಮತ್ತ ಚಾ ಹಾಕಲಾಕ ಹೋದಳು. ಪರದಿ ಹಿಂದಿನಿಂದ ದೊಡ್ಡಾಕಿ ‘ರಾಣೀ, ಬಾರೇ’ ಅಂತ ಕೂಗಿದಳು. ಬಾಯಿ ಕೈ ಓದಿದ್ದು ಪರದಿ ಸಂದಿನಿಂದ ಅಕಿನೂ ನೋಡಿದ್ದಳು, ಅಂದದ್ದು ಕೇಳಿದ್ದಳು. ಸೋಮವಾರ ರಾಣಿಗೂ ಸೂಜಿ ಆಗ್ಯಾದ, ಬಾಯಿ ಬಂದು ಓದಿ ಏನೂ ಇಲ್ಲ ಅಂದಳು ಅಂತ ಅಕಿ ತಿಳಕೊಂಡಳು. ನಾ ಅಲ್ಲ ಅನ್ನಲಿಲ್ಲ.

ಬೀಗರು ಹೋಗೋ ತನಕ, ಎರಡು ತಾಸು, ಸ್ಕೇಲ್ ಬಾಯಿ ಓಣಿ ತುದಿಯ ಕಲ್ಲಿನ ಮ್ಯಾಗ ಬಿಸಿಲಾಗ ಕುಂತಿದ್ದಳು. ಅವರ ಜೀಪು ತಿರುಗಿದ ಕೂಡಲೇ ಎದ್ದು ಬಂದಳು. ಅಲ್ಲಿತನಕ ನನಗ ‘ರಿ’ ಹಚ್ಚದೇ ಮಾತಾಡಿದಾಕಿ ಅಲ್ಲ.

‘ಈಗ ಆ ಕೈ ತಾ’ ಅಂದಳು.

‘ಯಾವ ಕೈ?’

‘ನಾ ಮಾರಿ ಮರೀತೇನಿ. ಕೈ ಮರಿಯಂಗಿಲ್ಲ. ಎಲ್ಲದ ಕೂಸು?’

ಜನವಾಡ ಅಂದೆ.

‘ನಾಳೆ ಹನ್ನೊಂದರ ತನಕ ವ್ಯಾಳ್ಯಾ ಅದ’ ಅಂತ ಅಂದು ಹೋದಳು. ಗುರುವಾರ ಮುಂಜಾನಿ ಔರಾದ ಬಸ್ಸಿಗಿ ಹತ್ತಿ, ನಡುವ ಜನವಾಡದಾಗ ಇಳಿದು, ಸೊಸಿ ತವರಮನಿ ಹುಡುಕಿ, ಕೈ ಓದಿದಳು. ಹದಿನಾರು. ಪಿಂಕಿಗಿ ಫೋಟೋ ಆತು, ಗುಳಿಗಿ ಸುರು ಆತು, ಮೈ ಹಿಡೀತು. ಈಗ ಬೀದರಿನಾಗ ಕಾಲೇಜಿಗಿ ಹೋಗ್ತದ. ಆ ಕೂಸು ಬದುಕಿದ್ದು ನನ್ನಿಂದ ಅಲ್ಲ.

ಶುಕ್ರವಾರ ಅಕಿ ಮತ್ತ ಬಂದಳು. ‘ಅಕ್ಕಾ, ಇನ್ನೊಂದು ಕೂಸಿನ ಮೈಯಾಗ ಸೂಜಿನೇ ಹೋಗಿಲ್ಲ. ಸೋಮವಾರ ತಗೊಂಡು ಬಾ.’

‘ಸೋಮವಾರ ಅವರು ಔರಾದಿಗಿ ಹೊಂಟಾರ.’

‘ಹಂಗಾದ್ರ ಮಂಗಳವಾರ ನಾ ಔರಾದಿನಾಗ ಇರ್ತೇನಿ. ಈ ಚೀಟಿ ಮಗಳಿಗಿ ಕೊಡು.’

ಚೀಟಿ ತಗೊಂಡೆ. ಹಿಟ್ಟಿನ ಡಬ್ಬಿ ಕೆಳಗ ಇಟ್ಟೆ. ಮಗಳಿಗಿ ಕೊಟ್ಟರ ಗೆರಿ ಮಾತು ಹೇಳಬೇಕು. ಗೆರಿ ಮಾತು ಹೇಳಿದರ ಅಳಿಯನ ಮನಿಗಿ ಹೋಗ್ತದ, ಅಲ್ಲಿಂದ ಭಾಲ್ಕಿಗಿ ಎಷ್ಟು ದೂರ? ಮದಿವಿಗಿ ಒಂದೇ ತಿಂಗಳು ಇತ್ತು. ಇದು ಒಂದು. ಇನ್ನೊಂದು, ರಾಣಿ ಗಲ್ಲ ಕೆಂಪಗ ಇದ್ದವು. ಹೋಗೋ ದಿನ ಬಸ್ಸಿನ ಕಿಡಕಿಯಾಗಿನಿಂದ ಕೈ ಬೀಸಿತು, ಗೆರಿ ಇನ್ನೂ ಮಸುಕ ಕಾಣತಿತ್ತು. ಕೆಂಪಗ ಇದ್ದವು ಗಲ್ಲ. ನಾ ಕೆಂಪು ನಂಬಿದೆ.

ಮುಂದಿನ ವಾರ ಬಾಯಿ ಬಂದು ಕೇಳಿದಳು: ‘ಬರಲಿಲ್ಲಲ್ಲ ಅವರು?’

‘ಅಲ್ಲೇ ಯಾವನೋ ಡಾಕ್ಟರಿಗಿ ತೋರಿಸಿ ಸೂಜಿ ಹಾಕಿಸಿದರಂತ. ಸಪಾಟ ಬಂತಂತ’ ಅಂದೆ.

ನನ್ನ ಮಾರಿ ನೋಡಿದಳು. ನಾ ರೊಟ್ಟಿ ಬಡೀತಿದ್ದೆ, ಕೈ ನಿಲ್ಲಿಸಲಿಲ್ಲ. ನಂಬಿದಳು. ಜಗತ್ತಿನಾಗ ಯಾವ ಸಪಾಟ ಕೈನೂ ನಂಬದಾಕಿ, ನನ್ನ ಬಾಯಿ ನಂಬಿದಳು.

ಮದಿವಿ ಆತು. ಬಾಯಿಗೂ ಕರೆದಿದ್ದೆ, ಬಂದು ಅಕ್ಷತಿ ಹಾಕಿ ಉಣ್ಣದೇ ಹೋದಳು.

ಅದಾಗಿ ಮೂರು ತಿಂಗಳಿಗಿ ರಾಣಿಗಿ ಜ್ವರ ಬಂತು. ಔರಾದಿನಾಗ ಟೈಫಾಯ್ಡ್ ಅಂತ ಔಷಧ ಕೊಟ್ಟರು. ವಾಂತಿ ಹತ್ತಿತು, ಸದಾ ನಿದ್ದಿ. ಬೀದರಿಗಿ ತರೋದ್ರಾಗ ಕುತ್ತಿಗಿ ಬಿಗಿದಿತ್ತು. ಮಿದುಳಿಗಿ ಏರ್ಯಾದ, ಟಿಬಿ ಅಂದರು. ಒಂಬತ್ತು ದಿನ ಇತ್ತು. ಆ ಒಂಬತ್ತು ದಿನ ನಾ ಅದರ ಎಡಗೈ ಹಿಡಕೊಂಡು ಕುಂತಿದ್ದೆ. ಮಂದಿ ಅಂದರು, ಅಜ್ಜಿಗಿ ಎಷ್ಟು ಜೀವ ಅಂತ. ನಾ ಗೆರಿ ಹುಡುಕತಿದ್ದೆ. ಹೋಗಿ ತಿಂಗಳುಗಟ್ಟಲೆ ಆಗಿತ್ತು ಅದು, ಆದರೂ ಹುಡುಕತಿದ್ದೆ.

ಹತ್ತನೇ ದಿನ ಮುಂಜಾನಿ ಕೂಸು ಹೋದ ಮ್ಯಾಲ ದವಾಖಾನಿ ಅಂಗಳಕ್ಕ ಸ್ಕೇಲ್ ಬಾಯಿ ಬಂದಳು. ದೊಡ್ಡಾಕಿ ಎದ್ದು ಹೋಗಿ ಅಕಿ ಎದಿ ಮ್ಯಾಗ ಎರಡೂ ಕೈಲೆ ಗುದ್ದಿದಳು.

‘ಏನೂ ಇಲ್ಲ ಅಂದೆಲ್ಲೇ! ನನ್ನ ಕಿವ್ಯಾರೆ ಕೇಳೇನಿ ನಾ! ಕಣ್ಣು ಮುಚ್ಚಿ ನೋಡಿದಿ, ಏನೂ ಇಲ್ಲ ಈ ಕೈಯಾಗ ಅಂದಿ! ನಿನ್ನ ಬೆರಳು ಸೇದಿ ಹೋಗಲಿ! ಮಕ್ಕಳಿಲ್ಲದಾಕಿ, ನಿನಗ ಏನು ತಿಳೀತದ!’

ಮಂದಿ ನೆರೆದರು. ಬಾಯಿ ನಿಂತು ಗುದ್ದಿಸಿಕೊಂಡಳು. ಒಂದೇ ಒಂದು ಸಲ ನನ್ನ ಕಡಿ ನೋಡಿದಳು. ‘ನಿಮ್ಮವ್ವನ್ನ ಕೇಳು’ ಅಂದಿದ್ದರ ಸಾಕಿತ್ತು. ಮೂರು ಮಾತೂ ಬೇಕಿರಲಿಲ್ಲ. ನನ್ನ ಮಗ್ಗಲಿಗಿ ಸಣ್ಣಾಕಿ ನಿಂತಿದ್ದಳು, ಅಕಿ ಗಂಡ ನಿಂತಿದ್ದ, ಬೀಗರು ನಿಂತಿದ್ದರು.

ನಾ ಸೆರಗು ಸರಿ ಮಾಡ್ಕೊಂಡೆ.

ಬಾಯಿ ದೊಡ್ಡಾಕಿಗಿ ‘ಹೌದವ್ವಾ, ನಾನೇ ಅಂದೆ’ ಅಂತ ಹೇಳಿದಳು.

ಆಮ್ಯಾಲ ಓಣಿಯೊಳಗ ಬಾಳ ಮನಿಯವರು ಅಕಿನ್ನ ಹೊಸ್ತಿಲ ಹತ್ತಿಸಲಿಲ್ಲ. ಬೆರಳು ಸುಳ್ಳು ಹೇಳ್ತಾವ ಅಂತ ಆಡ್ಕೊಂಡರು. ಅಕಿ ಅಡ್ಡಾಡೋದು ಬಿಡಲಿಲ್ಲ. ಒಂದು ಮಾತು ಮಾತ್ರ ಬದಲಾತು. ಸಪಾಟ ಕೈಗಿ ‘ಏನೂ ಇಲ್ಲ’ ಅಂತ ಮತ್ತೆಂದೂ ಅನ್ನಲಿಲ್ಲ. ‘ಇವತ್ತ ಮಾತಾಡಿಲ್ಲ’ ಅಂತಿದ್ದಳು. ಪಿಂಕಿ ಗುಳಿಗಿ ಮುಗಿಯೋ ತನಕ ನಮ್ಮ ಮನಿಗಿ ಬಂದಳು. ಮೊದಲ ದಿನ ನಾ ಅಕಿಗಿ ನಮ್ಮೆಲ್ಲರ ಕಪ್ಪಿನಾಗ ಚಾ ಹಾಕಿ ಕೊಟ್ಟೆ. ಅಕಿ ಮುಟ್ಟಲಿಲ್ಲ.

‘ನನ್ನ ಗ್ಲಾಸ್ ತಾ’ ಅಂದಳು.

ತಂದು ಕೊಟ್ಟೆ. ಕುಡಿದು, ತೊಳೆದು, ಗೂಡಿನಾಗ ಬೋರಲು ಹಾಕಿ ಹೋದಳು.

ರಾಣಿ ನನಗ ಕನಸಿನಾಗ ಬರೋದಿಲ್ಲ. ಬಂದಿದ್ದರ ಚಲೋ ಇತ್ತು, ಎದ್ದರ ಹೋಗ್ತಿತ್ತು. ಎಚ್ಚರ ಇದ್ದಾಗ ಬರ್ತದ. ಹಿಟ್ಟು ನಾದುವಾಗ ಬೆರಳಿಗಿ ಗಂಟು ಹತ್ತಿದರ ಬರ್ತದ. ಬಸ್ಸಿನಾಗ ಮುಂದಿನ ಸೀಟಿನ ಕೂಸು ಕಿಡಕಿಗಿ ಕೈ ಹಾಕಿದರ ಬರ್ತದ. ‘ಇನ್ನೊಂದು ಹಾಕು’ ಅಂತದ. ನಮ್ಮ ಮನಿಯವರು ಆರಾಮಾಗಿ ಏಳು ವರ್ಷ ಬದುಕಿ ಹೋದರು, ಸಾಯೋ ತನಕ ಯಾವ ಕೂಸಿನ್ನೂ ಎತ್ತಿಕೊಳ್ಳಲಿಲ್ಲ. ನಾವಿಬ್ಬರೂ ಒಂದು ದಿನವೂ ಈ ಮಾತು ಆಡಲಿಲ್ಲ.

ಬಾಯಿ ರಿಟೈರ್ ಆಗಿ ಭಾಲ್ಕಿಗಿ ಹೋದಳು. ಎರಡು ವರ್ಷದ ಹಿಂದ ಲಕ್ವಾ ಹೊಡೀತು ಅಂತ ಸಣ್ಣಾಕಿ ಹೇಳಿದಳು. ಸಣ್ಣಾಕಿ ಮನಿಗಿ ಹೋದಾಗ ಹುಡುಕಿಕೊಂಡು ಹೋದೆ. ಅಣ್ಣನ ಮಗಳು ನೋಡ್ಕೊಳ್ಳತಿದ್ದಳು. ಬಲಗೈ ಸತ್ತು ಹೊಟ್ಟಿ ಮ್ಯಾಗ ಬಿದ್ದಿತ್ತು. ಓದೋ ಕೈ ಅದು. ‘ನಿನ್ನ ಬೆರಳು ಸೇದಿ ಹೋಗಲಿ’ ಅಂದಿದ್ದಳಲ್ಲ ನನ್ನ ಮಗಳು, ಹತ್ತಿತ್ತು ಆ ಮಾತು. ಯಾರಿಗಿ ಹತ್ತಬೇಕಿತ್ತೋ ಅವರಿಗಿ ಹತ್ತಿರಲಿಲ್ಲ.

‘ಅವತ್ತ ಯಾಕ ಹೇಳಲಿಲ್ಲ ಬಾಯಿ?’ ಅಂತ ಕೇಳಿದೆ.

ಮಾತು ತೊದಲತಿತ್ತು, ತಿಳೀತಿತ್ತು. ‘ಏನೂ ಇಲ್ಲ ಅಂದದ್ದು ನನ್ನ ಬಾಯಿ ಅಲ್ಲೇನಕ್ಕಾ? ನಂದು ನಾ ಒಪ್ಪಿದೆ. ನಿಂದು ನನ್ನ ಹಂತ್ಯಾಕ ಯಾಕ ಕೇಳ್ತಿ?’

ಹುಟ್ಟಿದಾಗಿನಿಂದ ಯಾರಿಗೂ ಬೇಡಿದಾಕಿ ಅಲ್ಲ ನಾ. ಅವತ್ತು ಕುಬಸದ ತೋಳು ಮ್ಯಾಗ ಮಾಡಿ ಎಡಗೈ ಚಾಚಿದೆ. ‘ಓದು’ ಅಂದೆ. ‘ಓದಿ, ಒಂದು ಸಲ ಏನೂ ಇಲ್ಲ ಅನ್ನು.’

ಅಕಿ ಎಡಗೈ ಬೆರಳು ಹಾಸಿಗಿಗಿ ಉಜ್ಜಿ ಬೆಚ್ಚಗ ಮಾಡ್ಕೊಂಡಳು. ಕಣ್ಣು ಮುಚ್ಚಿದಳು. ನನ್ನ ಸುಕ್ಕುಗಟ್ಟಿದ ತೊಗಲ ಮ್ಯಾಗ ಮೆಲ್ಲಕ ಸರಿಸಿದಳು, ಬಂದಳು, ಒಂದು ಕಡಿ ನಿಂತಳು.

‘ಗಟ್ಟಿ ಅದ’ ಅಂದಳು.

ಅಷ್ಟೇ. ಅದೇ ಅಕಿ ಕಡೀ ಮಾತು ನನ್ನ ಜೋಡಿ.

ಮಣ್ಣಿಗಿ ಹೋಗಲಿಲ್ಲ ನಾ. ಹೋಗಿ ಏನು ಮುಖ ತೋರಿಸಲಿ ಅಂತಲ್ಲ. ದೊಡ್ಡಾಕಿ ಬರೋಳಿದ್ದಳು, ಮೊದಲು ಅಕಿಗಿ ಹೇಳೋದಿತ್ತು. ಬಂದಳು, ಬಾಯಿ ಸತ್ತ ನಾಲ್ಕನೇ ದಿನ. ಸೀರಿ ಚೀಲ ಇಳಿಸೋಕಿಂತ ಮೊದಲೇ ಅಂದಳು: ‘ಆ ಬಾಯಿ ಸತ್ತಳಂತಲ್ಲ. ನರಳಿ ನರಳಿ ಸತ್ತಳಂತ. ದೇವರು ಅದಾನ ಅವ್ವಾ.’

ಇಷ್ಟು ವರ್ಷ ಅಕಿ ಹಿಂಗ ಅಂದಾಗೆಲ್ಲಾ ನಾ ಹೂಂ ಅಂದೇನಿ. ಅವತ್ತು ಪಿಂಕಿ ಟೇಬಲ್ ಮ್ಯಾಗ ಬಿಟ್ಟುಹೋದ ಪೆನ್ನು ತಗೊಂಡೆ. ಮಗಳ ಎದುರಿಗಿ ಕುಂತು, ನನ್ನ ಎಡಗೈ ಒಳಮಗ್ಗಲಿಗಿ ದುಂಡಗ ಒಂದು ಗೆರಿ ಎಳೆದೆ. ಪೂರಾ ಮುಚ್ಚಿದೆ.

‘ರಾಣಿ ಕೈಮ್ಯಾಗ ಹಿಂಗ ಗೆರಿ ಎಳೆದಾಕಿ ನಾನು’ ಅಂದೆ. ‘ಬಾಯಿ ಅಲ್ಲ.’ ಆಮ್ಯಾಲ ಎಲ್ಲಾ ಹೇಳಿದೆ. ಜನವಾಡ, ಚೀಟಿ, ಸಪಾಟ ಬಂತಂತ ಅಂದದ್ದು. ಅವಸರ ಮಾಡಲಿಲ್ಲ, ಬಿಡಲೂ ಇಲ್ಲ.

ಅಕಿ ಅಳಲಿಲ್ಲ, ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ನನ್ನ ಮಣಿಕಟ್ಟು ಹಿಡಿದು ಆ ಗೆರಿ ನೋಡಿದಳು. ಹೆಬ್ಬೆರಳಿಲೆ ತಿಕ್ಕಿದಳು, ಜೋರಾಗಿ, ತೊಗಲು ಕೆಂಪಾಗೋ ತನಕ. ಗೆರಿ ಹರಡಿತು, ಹೋಗಲಿಲ್ಲ. ಚೀಲ ಎತ್ತಿಕೊಂಡು, ನೀರೂ ಕುಡೀದೇ, ಔರಾದ ಬಸ್ಸಿಗಿ ಹೋದಳು.

ಇವತ್ತಿಗಿ ಮೂರನೇ ದಿನ. ಈ ಕೈಗಿ ನೀರು ಸೋಕಿಸಿಲ್ಲ ನಾ. ಮುಂಜಾನಿಂದ ಹೊಸ್ತಿಲದಾಗ, ಬೆಳಕು ಬೀಳೋ ಕಡಿ, ಕುಂತೇನಿ. ಔರಾದ ಕಡಿಯಿಂದ ಒಂದು ಬಸ್ ಬಂದು ಹೋತು. ಇನ್ನೊಂದು ಹನ್ನೊಂದಕ್ಕ ಅದ.